ಒಂದು ಗೋಡೆ ದಾಟುವ ಮಾತು

ನಮ್ಮೂರಲ್ಲಿ ಗಂಡ ಹೆಂಡತಿ ಜಗಳ ಆಡಿದರೆ ಅದು ಯಾರಿಗೂ ಕೇಳಿಸುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಾಗುತ್ತದೆ. ಇಬ್ಬರೂ ಒಟ್ಟಿಗೆ ಬಾಯಿ ತೆಗೆದರೋ, ಎರಡೂ ದನಿ ಅಲ್ಲೇ ಸತ್ತವು, ಮನೆ ಗಪ್ಪಾಯಿತು. ಪಕ್ಕದ ಮನೆಯವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗೋಡೆಗೆ ಕಿವಿ ಕೊಡುತ್ತಾಳೆ. ಏನೂ ಕೇಳದಿದ್ದರೆ ಅವಳ ಮುಖ ಅರಳುತ್ತದೆ. ಹತ್ತಿಕೊಂಡಿತು ಅಂತ ಗಂಡನಿಗೆ ಕಣ್ಣಲ್ಲೇ ಹೇಳುತ್ತಾಳೆ. ಯಾರಾದರೊಬ್ಬರು ಸೋತು ಬಾಯಿ ಮುಚ್ಚಿದ ಮೇಲೆ ಇನ್ನೊಬ್ಬರ ಕೊನೆಯ ಮಾತು ಮಾತ್ರ ಗೋಡೆ ದಾಟಿ ಬರುತ್ತದೆ, ಆದ್ದರಿಂದ ಜಗಳ ಗೆದ್ದವರು ಯಾರು ಅನ್ನುವುದರಲ್ಲಿ ನಮ್ಮೂರಲ್ಲಿ ಎಂದೂ ಅನುಮಾನ ಉಳಿದದ್ದಿಲ್ಲ. ನಮ್ಮ ಮನೆಯಿಂದ ಹೊರಗೆ ಹೋದದ್ದೆಲ್ಲ ತಿಪ್ಪವ್ವನ ಮಾತೇ.

ತಿಪ್ಪವ್ವ ನನ್ನ ಹೆಂಡತಿ. ಕಾಲುವೆಯ ಹೂಳೆತ್ತುವ ತಂಡಕ್ಕೆ ಅವಳೇ ಮುಖ್ಯಸ್ಥೆ. ನಾನು ಗುರುಪಾದ, ಗಾದಿ ಹೊಲಿಯುವವನು. ಅವಳು ಬೆಳಗಾದರೆ ಸಲಿಕೆ ಹೆಗಲಿಗೇರಿಸಿ ಕಾಲುವೆಗೆ ಇಳಿಯುತ್ತಾಳೆ, ನಾನು ಅರಳೆಯ ರಾಶಿಯ ನಡುವೆ ದಬ್ಬಣ ಹಿಡಿದು ಕೂರುತ್ತೇನೆ. ನೋಡುವವರಿಗೆ ನಗು ಬರಬಹುದು. ಬಂದರೆ ನಗಲಿ, ನಮ್ಮಿಬ್ಬರಿಗೂ ಅದರಿಂದ ಊಟಕ್ಕೆ ತೊಂದರೆಯಾಗಿಲ್ಲ.

ನಮ್ಮಲ್ಲಿ ಯಾವ ಸದ್ದೂ ಒಂದು ಗೋಡೆಗಿಂತ ಆಚೆ ಹೋಗುವುದಿಲ್ಲ. ಬಯಲಿನಲ್ಲೂ ಅಷ್ಟೇ, ಒಂದು ಮನೆಯ ಅಗಲ ಹೋಗಿ ಬಿದ್ದುಬಿಡುತ್ತದೆ. ಗಂಟೆ ಹೊಡೆದರೂ ಅಷ್ಟೇ, ನಗಾರಿ ಬಾರಿಸಿದರೂ ಅಷ್ಟೇ. ಅದಕ್ಕೇ ಹಿರಿಯರು ಮನೆಗಳನ್ನು ಒಂದಕ್ಕೊಂದು ಒತ್ತಿ ಕಟ್ಟಿದರು. ಒಬ್ಬರ ಗೋಡೆ ಇನ್ನೊಬ್ಬರ ಗೋಡೆ, ಅವರದು ಮತ್ತೊಬ್ಬರದು. ಸುದ್ದಿಯೆಂದರೆ ಈ ಗೋಡೆಯಿಂದ ಕೇಳಿ ಆ ಗೋಡೆಗೆ ಹೇಳುವುದು. ಒಳ್ಳೆಯ ಏರ್ಪಾಡೇ, ಆದರೆ ಊರು ಬೆಳೆಯಿತು. ಒಂದೊಂದು ಮನೆಗೆ ಐದಾರು ನೆರೆಯವರ ಗೋಡೆಗಳಾದವು. ಕೇಳಿದವರೆಲ್ಲ ಹೇಳಲು ಹೊರಟರು, ಎಲ್ಲರೂ ಒಟ್ಟಿಗೆ ಹೇಳಿದ್ದರಿಂದ ಯಾರಿಗೂ ಕೇಳದಾಯಿತು. ಬೆಳಿಗ್ಗೆ ಪೇಟೆಯಲ್ಲಿ ಹುಟ್ಟಿದ ಸುದ್ದಿ ಸಂಜೆ ನಮ್ಮ ಓಣಿಗೆ ಬರುವ ಹೊತ್ತಿಗೆ ಕೈಕಾಲು ಮುರಿದುಕೊಂಡಿರುತ್ತಿತ್ತು. ಒಮ್ಮೆ ಮದುವೆಯ ಊಟದ ಕರೆ ಬಂದಾಗ ಮದುಮಗಳು ಬಸುರಿಯಾಗಿದ್ದಳು.

ಇದನ್ನು ನೇರ್ಪು ಮಾಡಿದವರು ಕಲ್ಲಿನಾಥ ಮಾಸ್ತರು. ಲೆಕ್ಕ ಕಲಿಸಿ ನಿವೃತ್ತರಾದ ಮನುಷ್ಯ, ಕೈಯಲ್ಲಿ ಸುಣ್ಣದ ಬಕೆಟ್ಟು ಹಿಡಿದು ಓಣಿ ಓಣಿ ತಿರುಗಿದರು. ಯಾವ ಮನೆ ಮಾತಾಡಿದರೆ ಹೆಚ್ಚು ಮನೆಗಳಿಗೆ ಕೇಳುತ್ತದೆ ಅಂತ ನೋಡಿ, ಅಂಥ ಮನೆಯ ಬಾಗಿಲ ಪಕ್ಕ ಒಂದು ಪಟ್ಟಿ ಸುಣ್ಣ ಬಳಿದರು. ಸುದ್ದಿ ಬಂದರೆ ಸುಣ್ಣದ ಮನೆ ಮಾತ್ರ ದಾಟಿಸಬೇಕು. ಉಳಿದವರು ಕೇಳಬೇಕು, ನುಂಗಿಕೊಂಡು ಕೂರಬೇಕು.

"ಊರಿಗೆ ಕಿವಿ ಎಷ್ಟಿದ್ರೂ ಬೇಕು," ಅಂದರು ಮಾಸ್ತರು. "ಬಾಯಿ ಮಾತ್ರ ಲೆಕ್ಕಕ್ಕ ತಕ್ಕಷ್ಟ ಇರಬೇಕು."

ನಮ್ಮ ಮನೆಗೆ ಸುಣ್ಣ ಬೀಳಲಿಲ್ಲ. ನಮ್ಮ ಹಿಂದಿನ ಮನೆಯ ಸಕ್ರವ್ವನಿಗೆ, ನಾನು ಚಿಗವ್ವ ಅಂತ ಕರೆಯುವವಳಿಗೆ, ಬಿತ್ತು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ಆದರೆ ಅವಳ ಬಾಗಿಲು ಬೇರೆ ಓಣಿಗೆ. ನಮ್ಮ ಬಾಗಿಲಿಂದ ಅವಳ ಬಾಗಿಲಿಗೆ ಹೋಗಬೇಕೆಂದರೆ ಎರಡು ಓಣಿ ಸುತ್ತಬೇಕು. ಅವಳ ಹಿತ್ತಲ ಗೋಡೆಗೆ ಹೊಂದಿ ಕಾಲುವೆ ಹರಿಯುತ್ತದೆ. ಆ ಸಾಲಿನ ಮನೆಗಳಿಗೆಲ್ಲ ಹಿಂದೆ ಬರೀ ಕಲ್ಲಿನ ಗೋಡೆ. ಹಿತ್ತಲ ಬಾಗಿಲು, ಕಾಲುವೆಗೆ ಇಳಿಯುವ ಮೆಟ್ಟಿಲು ಇರುವುದು ಸಕ್ರವ್ವನ ಮನೆಗೊಂದಕ್ಕೇ. ಅವಳ ಮಗ ಯಮನಪ್ಪ ತಿಪ್ಪವ್ವನ ತಂಡದಲ್ಲೇ ಹೂಳೆತ್ತುತ್ತಿದ್ದ. ಆದ್ದರಿಂದ ಕಾಲುವೆಗೆ ಸುದ್ದಿ ಮುಟ್ಟಿಸುವ ಸುಣ್ಣ ಅವಳಿಗೆ ಸಿಕ್ಕದ್ದು ನ್ಯಾಯವೇ. ನ್ಯಾಯವೆಂದು ಗೊತ್ತಿದ್ದರೂ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

"ಇಷ್ಟ್ಯಾಕ ಮಾರಿ ಸಣ್ಣ ಮಾಡ್ಕೊಂಡೀರಿ?" ಅಂದಳು ತಿಪ್ಪವ್ವ. "ಮನ್ಯಾಗ ಮಾತಾಡಾಕ ನಿಮಗ ಯಾವತ್ತರ ಬಾಯಿ ಬಂದಿತ್ತೇನ್ರಿ, ಈಗ ಹೋಗಾಕ?"

ಸುಣ್ಣ ಬಿದ್ದ ಮೇಲೆ ಸಕ್ರವ್ವ ನಡೆಯುವ ರೀತಿಯೇ ಬದಲಾಯಿತು. ಕತ್ತು ಎತ್ತಿ ನಡೆದಳು. ಹುಳಿ ತಿನ್ನುವುದನ್ನು ಬಿಟ್ಟಳು, ತಣ್ಣೀರು ಬಿಟ್ಟಳು, ಗಂಟಲಿಗೆ ಶಾಲು ಸುತ್ತಿದಳು. ದೀಪಾವಳಿಗೆ ಸುಣ್ಣದ ಪಟ್ಟಿಯ ಸುತ್ತ ಕೆಂಪು ಅಂಚು ಕೂಡ ಬರೆದುಕೊಂಡಳು. ಆದರೆ ನಿಜವನ್ನು ಹೇಳಬೇಕು, ಊರು ಹಗುರಾಯಿತು. ಪೇಟೆಯ ಸುದ್ದಿ ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ನಮ್ಮ ಓಣಿಗೆ ಬಂದು ಬೀಳತೊಡಗಿತು. ಮಾಸ್ತರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಕೇಳ್ತು" ಅಂತ ತಿರುಗಿ ಹೇಳುವುದನ್ನೂ ನಿಲ್ಲಿಸಿದರು. ಹೇಳಿದ ಮೇಲೆ ಕೇಳಿಯೇ ಕೇಳಿರುತ್ತದೆ, ಮತ್ತೆ ಯಾಕೆ ಗೋಡೆಗೆ ಕೆಲಸ ಅಂತ ಅವರ ಮಾತು. ಅದೂ ಸರಿಯೆನಿಸಿತು. ನಾವೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಸುಖವಾಗಿದ್ದೆವು.

ಗೋಡೆಗೆ ಹೇಳದ ಸುದ್ದಿ ಒಂದೇ, ಸಾವು. ಅದನ್ನು ಮನುಷ್ಯನೇ ಹೊತ್ತು ತರಬೇಕು. ಬರಿಗಾಲಲ್ಲಿ, ಬರಿದಲೆಯಲ್ಲಿ ನಡೆದು ಬಂದು ಬಾಗಿಲು ತಟ್ಟಬೇಕು. ಆದ್ದರಿಂದ ನಮ್ಮೂರಲ್ಲಿ ಯಾರೂ ಚಪ್ಪಲಿ ರುಮಾಲು ಇಲ್ಲದೆ ಇನ್ನೊಬ್ಬರ ಬಾಗಿಲಿಗೆ ಹೋಗುವುದಿಲ್ಲ, ಸಕ್ಕರೆ ಕೇಳಲು ಹೋದರೂ ಕೂಡ. ಇನ್ನೊಂದು ಮಾತಿದೆ. ಹಾಗೆ ಬಂದವನು ತಟ್ಟಿದ ಕೂಡಲೇ ಬಾಗಿಲು ತೆಗೆಯಬೇಕೆಂಬ ಒತ್ತಾಯ ಯಾರಿಗೂ ಇಲ್ಲ. ಬಾಗಿಲು ತೆಗೆಯುವವರೆಗೆ ಆ ಮನೆಯ ಪಾಲಿಗೆ ಸತ್ತವರು ಸತ್ತಿರುವುದಿಲ್ಲ. ಒಳಗಿನವರು ಬೇಕಾದಷ್ಟು ಹೊತ್ತು ಕೂರಬಹುದು, ಹೊರಗಿನವನು ನಿಂತಿರಬೇಕು. ನಮ್ಮ ಅವ್ವ ಹಾಗೆ ಒಂದು ಇಡೀ ಮಧ್ಯಾಹ್ನ ಬಾಗಿಲಿಗೆ ಬೆನ್ನು ಕೊಟ್ಟು ಕೂತದ್ದು ನನಗೆ ನೆನಪಿದೆ. ಹೊರಗೆ ನಿಂತವರು ಬೇಸರಪಟ್ಟುಕೊಳ್ಳಲಿಲ್ಲ.

ಅವತ್ತು ಬಿಸಿಲು ಏರಿತ್ತು. ನಾನು ಒಂದು ಮದುವೆಯ ಗಾದಿಗೆ ಅಂಚು ಹೊಲಿಯುತ್ತಿದ್ದೆ. ಎಡಗಡೆಯ ಗೋಡೆಯಿಂದ ಸುಣ್ಣದ ಮನೆಯ ಹುಡುಗಿಯ ದನಿ ಬಂತು.

"ಕೆರೀ ಏರಿ ಬಿರಕ ಬಿಟ್ಟೈತಿ. ತೂಬು ಎತ್ತಾಕ ಹತ್ಯಾರ. ಕಾಲುವ್ಯಾಗ ಇದ್ದವರು ಮ್ಯಾಲ ಬರ್ರಿ. ಕೆರೀ ಏರಿ ಬಿರಕ ಬಿಟ್ಟೈತಿ..."

ದಬ್ಬಣ ಬೆರಳಿಗೆ ಚುಚ್ಚಿತು. ಹೂಳೆತ್ತುವ ದಿನ ತೂಬು ಎತ್ತುವುದು ಎಂದೂ ಇಲ್ಲ. ಆದರೆ ಏರಿ ಒಡೆದರೆ ಊರೇ ಹೋಗುತ್ತದೆ, ಎತ್ತದೆ ಅವರಾದರೂ ಏನು ಮಾಡಿಯಾರು? ನೀರು ಬರುವ ಸದ್ದು ಕೂಡ ನಮ್ಮಲ್ಲಿ ದೂರದಿಂದ ಕೇಳುವುದಿಲ್ಲ. ಮೈಮೇಲೆ ಬಂದಾಗಲೇ ಕೇಳುತ್ತದೆ. ಕಾಲುವೆಯೊಳಗೆ ಬಗ್ಗಿ ಕೆಸರು ತೋಡುವವರಿಗೆ ಗೋಡೆಯ ಮಾತೊಂದೇ ದಿಕ್ಕು.

ಆದರೂ ನಾನು ಎದ್ದು ಓಡಲಿಲ್ಲ. ಹುಡುಗಿ ಹೇಳಿ ಮುಗಿಸಿದ ಮೇಲೆ ಸಕ್ರವ್ವನ ಸರದಿ. ಅವಳ ದನಿ ಹಿಂದಿನ ಗೋಡೆಯಿಂದ ನನಗೂ ಕೇಳುತ್ತದೆ, ಕಾಲುವೆಗೂ ಕೇಳುತ್ತದೆ. ಆ ದನಿಯೆಂದರೆ ತಗಡಿನ ಮೇಲೆ ಕಲ್ಲು ಬಿದ್ದಹಾಗೆ, ಎಷ್ಟೋ ಸಲ ಅದಕ್ಕೆ ಬೈದುಕೊಂಡಿದ್ದೇನೆ. ಈಗ ಗೋಡೆಗೆ ಕೆನ್ನೆ ಒತ್ತಿ ಅದಕ್ಕಾಗಿ ಕಾದೆ. ಏನೂ ಬರಲಿಲ್ಲ. ಮಣ್ಣು ಉದುರಿದಂಥ ಒಂದು ಸಣ್ಣ ಸರಸರ ಬಂತು, ಆಮೇಲೆ ಒಂದು ಕೆಮ್ಮು. ಆಮೇಲೆ ಪಾತ್ರೆ ತಿಕ್ಕುವ ಸದ್ದು. ಹೇಳಬೇಕಾದದ್ದನ್ನು ಹೇಳಿ ಮುಗಿಸಿ ಕೆಲಸಕ್ಕೆ ಕೂತವಳ ಸದ್ದು ಅದು.

ಅವಳ ಗಂಟಲು ಕಟ್ಟಿದೆ! ಮೂರು ದಿನದಿಂದ ಅವಳ ಮನೆಯಿಂದ ಮೆಣಸಿನ ಕಷಾಯದ ಘಾಟು ಬರುತ್ತಿದ್ದದ್ದು ಇದಕ್ಕೇ. ಗಂಟಲು ಕಟ್ಟಿದವರು ಮಾಸ್ತರಿಗೆ ಹೇಳಬೇಕು, ಮಾಸ್ತರು ಬೇರೆ ಮನೆಗೆ ಸುಣ್ಣ ಹಾಕುತ್ತಾರೆ. ಸುಣ್ಣ ಒಮ್ಮೆ ಹೋದರೆ ಮತ್ತೆ ಬರುತ್ತದೋ ಇಲ್ಲವೋ ಅಂತ ಅವಳು ಬಾಯಿಬಿಟ್ಟಿಲ್ಲ. ಈಗ ಪಿಸುಗುಟ್ಟಿ, ಅಷ್ಟು ಸಾಕೆಂದುಕೊಂಡಿದ್ದಾಳೆ. ಕೇಳಿತೆಂದು ಆ ಕಡೆಯಿಂದ ಯಾರೂ ತಿರುಗಿ ಹೇಳುವುದಿಲ್ಲವಲ್ಲ! ಅವಳ ಸ್ವಂತ ಮಗ ಆ ಕಾಲುವೆಯಲ್ಲಿದ್ದಾನೆ, ನನ್ನ ತಿಪ್ಪವ್ವ ಇದ್ದಾಳೆ, ಇವಳು ಪಾತ್ರೆ ತಿಕ್ಕುತ್ತಿದ್ದಾಳೆ.

"ಚಿಗವ್ವಾ! ಕಾಲುವಿಗೆ ಕೇಳಿಲ್ಲ! ಹಿತ್ತಲ ಬಾಗಿಲಾ ತಗಿ!" ಅಂತ ಹಿಂದಿನ ಗೋಡೆಗೆ ಬಾಯಿ ಇಟ್ಟು ಕಿರುಚಿದೆ.

ನನ್ನ ದನಿ ನನಗೇ ಕೇಳಲಿಲ್ಲ. ಬಾಯಿ ತೆರೆದಿತ್ತು, ಗಂಟಲು ಹರಿಯುತ್ತಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಸದ್ದು ಮಾತ್ರ ಇಲ್ಲ. ಮೂಕನಾದೆನೇ ಎಂದು ಕೈಯಿಂದ ಬಾಯಿ ಮುಟ್ಟಿ ನೋಡಿಕೊಂಡೆ. ಮತ್ತೆ ಕಿರುಚಿದೆ. ಮತ್ತೆ ಏನೂ ಇಲ್ಲ.

ಆಗ ತಿಳಿಯಿತು. ಸಕ್ರವ್ವನ ಗೋಡೆಗೆ ಹೊಂದಿದ ಎಲ್ಲ ಮನೆಗಳಲ್ಲೂ ನನ್ನಂತೆಯೇ ಕಾದಿದ್ದರು. ಅವಳ ದನಿ ಬರಲಿಲ್ಲವೆಂದು ನನಗೆ ಗೊತ್ತಾದ ಕ್ಷಣದಲ್ಲೇ ಅವರಿಗೂ ಗೊತ್ತಾಯಿತು. ಇಷ್ಟು ದಿನ ನುಂಗಿಕೊಂಡು ಕೂತಿದ್ದ ಬಾಯಿಗಳೆಲ್ಲ ಒಟ್ಟಿಗೆ ತೆರೆದವು. ಆ ಸಾಲಿನ ಹೆಂಗಸರು ಹಿತ್ತಲ ಗೋಡೆಗೆ ಮುಖ ಒತ್ತಿ ಕಾಲುವೆಗೆ ಕೂಗುತ್ತಿದ್ದಾರೆ, ಈ ಸಾಲಿನವರು ಸಕ್ರವ್ವನಿಗೆ ಕೂಗುತ್ತಿದ್ದಾರೆ, ಎಲ್ಲರೂ ಎಲ್ಲರ ದನಿಯನ್ನೂ ಕೊಲ್ಲುತ್ತಿದ್ದಾರೆ. ಕೇಳಿಸುತ್ತಿಲ್ಲವೆಂದು ಹೆದರಿ ಎಲ್ಲರೂ ಒಟ್ಟಿಗೆ ನಿಲ್ಲಿಸಿದರು. ಈಗ ಯಾರೂ ಮಾತಾಡುತ್ತಿಲ್ಲವೆಂದು ಎಲ್ಲರೂ ಒಟ್ಟಿಗೆ ಮತ್ತೆ ಶುರು ಮಾಡಿದರು. ನಾನೂ ಹಾಗೇ ಮಾಡಿದೆ. ಅಂಥ ಮೌನವನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕಿವಿಯೊಳಗೆ ಅರಳೆ ತುರುಕಿದಹಾಗಿತ್ತು.

ಗಾದಿಯನ್ನು ತುಳಿದುಕೊಂಡೇ ಹೊರಗೆ ಓಡಿದೆ.

ಓಣಿಯ ಒಂದೊಂದು ಬಾಗಿಲಲ್ಲೂ ಒಬ್ಬೊಬ್ಬರು ನಿಂತಿದ್ದರು, ಎಲ್ಲರ ಬಾಯಿಯೂ ಅಗಲ ತೆರೆದಿತ್ತು, ಒಂದು ಹನಿ ಸದ್ದಿರಲಿಲ್ಲ. ಬಲಗಡೆಯ ಮನೆಯ ಫಕೀರವ್ವ, ಮೈಮೇಲೆ ಹಿಟ್ಟು ಮೆತ್ತಿಕೊಂಡು ನಿಂತಿದ್ದವಳು, ನನ್ನನ್ನು ನೋಡಿದಳು. ಅವಳ ಕಣ್ಣು ನನ್ನ ತಲೆಗೆ ಹೋಯಿತು, ಆಮೇಲೆ ನನ್ನ ಕಾಲಿಗೆ ಬಂತು. ರುಮಾಲು ಎಲ್ಲೋ ಬಿದ್ದಿತ್ತು. ಚಪ್ಪಲಿ ಹಾಕಿರಲಿಲ್ಲ. ಅವಳು ಎರಡೂ ಕೈಯಿಂದ ಬಾಯಿ ಬಡಿದುಕೊಂಡಳು. ನಾನು ಅಲ್ಲವೆಂದು ಕೈ ಆಡಿಸಿದೆ; ಕೈ ಆಡಿಸುತ್ತಾ ಓಡುವವನನ್ನು ಕಂಡು ಮುಂದಿನ ಮನೆಯವಳು ನೆಲಕ್ಕೆ ಕುಸಿದಳು. ಓಣಿಯ ತುಂಬ ಸದ್ದಿಲ್ಲದ ಅಳು ನನ್ನ ಮುಂದೆ ಮುಂದೆ ಹೋಯಿತು. ಇನ್ನೂ ಯಾರೂ ಸತ್ತಿರಲಿಲ್ಲ, ನಾನೇ ಓಡಿ ಸಾಯಿಸುತ್ತಿದ್ದೇನೆಂದು ಅನಿಸಿತು. ನಿಲ್ಲಲಿಲ್ಲ.

ಎರಡನೆಯ ಓಣಿಯ ತಿರುವಿನಲ್ಲಿ ಸಕ್ರವ್ವನ ಬಾಗಿಲು. ಕಿಟಕಿಯಲ್ಲಿ ಅವಳ ಮುಖ ಕಂಡಿತು. ನನ್ನನ್ನು ಕಂಡಳು. ಬರಿಗಾಲು ಕಂಡಳು, ಬರಿದಲೆ ಕಂಡಳು. ಮುಖದ ಬಣ್ಣ ಇಳಿದುಹೋಯಿತು. ಕಿಟಕಿ ಮುಚ್ಚಿತು. ಒಳಗೆ ಅಗಳಿ ಬಿದ್ದದ್ದು ಕೇಳಿಸಿತು, ಯಾಕೆಂದರೆ ಮರದ ಸದ್ದನ್ನು ಮನುಷ್ಯರ ದನಿ ಕೊಲ್ಲಲಾರದು.

ಬಾಗಿಲು ಬಡಿದೆ. "ಸಾವಲ್ಲ ಚಿಗವ್ವಾ! ನೀರು! ನೀರು ಬರಾಕ ಹತ್ತೇತಿ! ಹಿತ್ತಲಕ್ಕ ಹೋಗು!" ಅಂತ ಅರಚಿದೆ. ಒಂದು ಬಾಗಿಲು, ಒಂದೇ ಒಂದು ಹಲಗೆ ದಾಟಿದ್ದರೆ ಸಾಕಿತ್ತು. ನನ್ನ ಬೆನ್ನ ಹಿಂದೆ ಓಣಿಯೇ ಅರಚುತ್ತಿತ್ತು, ಅವರೂ ನೀರು ಎನ್ನುತ್ತಿದ್ದರು, ಅವರೂ ಬಾಗಿಲು ತೆಗೆ ಎನ್ನುತ್ತಿದ್ದರು. ನಾನು ತಿರುಗಿ ಬಾಯಿ ಮುಚ್ಚಿರೆಂದು ಕೈ ಮುಗಿದೆ. ಸಾವಿನ ಸುದ್ದಿ ತಂದವನು ಕೈ ಮುಗಿಯುವುದೂ ವಾಡಿಕೆಯೇ. ಅವರು ಇನ್ನೂ ಹೆಚ್ಚು ಅತ್ತರು.

ಒಳಗಿನವಳಿಗೆ ಕೇಳುತ್ತಿದ್ದದ್ದು ಬಾಗಿಲ ಬಡಿತ ಒಂದೇ. ಅದು ಹೆಚ್ಚಾದಷ್ಟೂ ಅವಳು ಬೆನ್ನನ್ನು ಬಾಗಿಲಿಗೆ ಒತ್ತಿದಳು. ಹಲಗೆಯಲ್ಲಿ ಅವಳ ಭಾರ ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ಮಗನನ್ನು ಬದುಕಿಸಿಕೊಂಡು ಕೂತಿದ್ದಾಳೆ ಅವಳು. ತೆಗೆಯದಿದ್ದರೆ ಅವನು ಬದುಕಿರುತ್ತಾನೆ. ಅವಳಿಗೂ ನನಗೂ ಬೇಕಾದದ್ದು ಒಂದೇ ಆಗಿತ್ತು, ನಡುವೆ ಒಂದು ಹಲಗೆ ಇತ್ತು. ಸಿಟ್ಟು ಬಂತು, ಅಳು ಬಂತು. ಹೆಗಲು ಕೊಟ್ಟು ಗುದ್ದಿದೆ. ತಿಪ್ಪವ್ವಾ, ತಿಪ್ಪವ್ವಾ ಎಂದು ಕೂಗಿದೆ. ಅದೂ ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಕಾಲ ಕೆಳಗಿನ ಹಾಸುಗಲ್ಲು ಅದುರಿತು. ನೀರು ಬಂದದ್ದು ಹಾಗೆ ತಿಳಿಯಿತು. ಓಣಿಯ ಎಲ್ಲರಿಗೂ ಕಾಲಲ್ಲಿ ತಿಳಿಯಿತು. ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು. ನಾನು ಬಾಗಿಲ ಮೇಲಿನ ಕೈ ಕೆಳಗಿಳಿಸಿದೆ. ಇನ್ನು ಬಡಿದರೆ ಅದು ನಿಜವಾಗಿಯೂ ಸಾವಿನ ಬಡಿತವೇ ಆಗುತ್ತಿತ್ತು. ಹಣೆಯನ್ನು ಹಲಗೆಗೆ ಆನಿಸಿ ನಿಂತೆ.

ಅಗಳಿ ಸರಿಯಿತು. ಬಾಗಿಲು ತೆರೆಯಿತು, ನಾನು ಮುಗ್ಗರಿಸಿ ಒಳಗೆ ಬೀಳುವುದರಲ್ಲಿದ್ದೆ. ಕೆಸರು ಮೆತ್ತಿದ ಒಂದು ಕೈ ನನ್ನ ಎದೆಗೆ ಅಡ್ಡ ಬಂತು. ಸೊಂಟದವರೆಗೆ ಕೆಸರು, ಹೆಗಲ ಮೇಲೆ ಸಲಿಕೆ. ತಿಪ್ಪವ್ವ ನನ್ನ ತಲೆಯನ್ನು ನೋಡಿದಳು, ಕಾಲನ್ನು ನೋಡಿದಳು.

"ಯಾರ್ ಸತ್ರು?" ಅಂದಳು.

ಅವಳ ದನಿ ಕೇಳಿಸಿತು. ಬೇರೆ ಯಾರೂ ಮಾತಾಡುತ್ತಿರಲಿಲ್ಲ. ನಾನು ಏನು ಹೇಳಬೇಕಿತ್ತೋ, ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ನೀನ."

ಅವಳ ಹಿಂದೆ, ಮನೆಯೊಳಗೆ, ತಂಡದವರೆಲ್ಲ ಕೆಸರುಗಾಲಲ್ಲಿ ನಿಂತಿದ್ದರು. ಸಕ್ರವ್ವ ಯಮನಪ್ಪನ ಎರಡೂ ಕಾಲು ತಬ್ಬಿಕೊಂಡು ನೆಲದ ಮೇಲೆ ಕೂತಿದ್ದಳು, ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಅದರಾಚೆ ಹಿತ್ತಲ ಬಾಗಿಲು ಹಾರು ಹೊಡೆದಿತ್ತು. ಮೆಟ್ಟಿಲು ಕಾಣಿಸಲಿಲ್ಲ. ಮೆಟ್ಟಿಲಿದ್ದ ಕಡೆ ಕಂದು ನೀರು ಬುಟ್ಟಿಗಳನ್ನು ಉರುಳಿಸಿಕೊಂಡು ಓಡುತ್ತಿತ್ತು.

"ಸುದ್ದಿ ಕೇಳಿಸ್ತೇನ ನಿಮಗ?" ಅಂದೆ, ಹೇಗೋ.

"ಯಾವ ಸುದ್ದಿ?" ಅಂದಳು ತಿಪ್ಪವ್ವ. "ನಾವು ಮಾತಾಡಾಕ ಹತ್ತಿದ್ವಿ. ಒಮ್ಮಿಂದೊಮ್ಮೆಲೆ ನಮ್ಮ ಮಾತು ನಮಗ ಕೇಳವಲ್ದು. ಇಡೀ ಓಣಿ ಗಪ್! ಇಷ್ಟ ದೊಡ್ಡ ಜಗಳಾ ನಮ್ಮ ಜನ್ಮದಾಗ ನೋಡಿಲ್ಲ, ಬರ್ರೆಲೇ ನೋಡೂಣು ಅಂತ ಎಲ್ಲಾರೂ ಹಿತ್ತಲ ಬಾಗಿಲಾ ದೂಡ್ಕೊಂಡು ಮ್ಯಾಲ ಓಡಿ ಬಂದ್ವಿ. ಹಿಂದ ತಿರಗತೀವಿ, ನೀರು." ಅಷ್ಟು ಹೇಳುವುದರೊಳಗೆ ಅವಳಿಗೆ ತಾನು ಹೇಳುತ್ತಿರುವುದು ಏನೆಂದು ಅರ್ಥವಾಯಿತು. ಮುಖ ಬಿಳಿಚಿಕೊಂಡಿತು. ಸಲಿಕೆ ಹೆಗಲಿನಿಂದ ಜಾರಿ ಬಿತ್ತು. ಆಮೇಲೆ ನನ್ನ ಕಪಾಳಕ್ಕೆ ಒಂದು ಬಿಟ್ಟಳು.

"ಚಪ್ಲಿ ಮೆಟ್ಟಿ ಬರಾಕ ಏನಾಗಿತ್ತು ನಿಮಗ!" ಅಂದು ನನ್ನ ಅಂಗಿ ಹಿಡಿದುಕೊಂಡು ಗಳಗಳ ಅತ್ತಳು. ನಾನೂ ಅತ್ತೆ. ಇಬ್ಬರೂ ಒಟ್ಟಿಗೆ ಅತ್ತದ್ದರಿಂದ ಯಾರಿಗೂ ಕೇಳಲಿಲ್ಲ, ಅದೊಂದು ಮರ್ಯಾದೆ ಉಳಿಯಿತು.

ಆದರೆ ಏಟಿನ ಸದ್ದು ಒಂದು ಗೋಡೆ ದಾಟಿತ್ತು. ಸುಣ್ಣವಿಲ್ಲದ ಮನೆಯೊಂದು ಆ ಸುದ್ದಿಯನ್ನು ಎತ್ತಿಕೊಂಡಿತು. ಅವರು ಮುಗಿಸುವವರೆಗೆ ಕಾದು ಅದರ ಮುಂದಿನ ಮನೆ ಎತ್ತಿಕೊಂಡಿತು, ಅದಕ್ಕೂ ಸುಣ್ಣವಿರಲಿಲ್ಲ. ಅವತ್ತು ಯಾರೂ ಸುಣ್ಣ ನೋಡಲಿಲ್ಲ, ಯಾರೂ ಯಾರ ಮೇಲೂ ಬೀಳಲಿಲ್ಲ, ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಅದನ್ನು ಕಲಿಸಿದವರು ಯಾರೋ ಮಾಸ್ತರಿಗೂ ಗೊತ್ತಿಲ್ಲ.

ಸಂಜೆ ನಾನು ತುಳಿದು ಹಾಳುಮಾಡಿದ್ದ ಗಾದಿಯನ್ನು ಬಿಚ್ಚುತ್ತ ಕೂತಿದ್ದೆ. ಊರೆಲ್ಲ ಸುತ್ತಿಕೊಂಡು ಸುದ್ದಿ ಬಲಗಡೆಯ ಗೋಡೆಗೆ ಬಂತು, ಫಕೀರವ್ವನ ದನಿಯಲ್ಲಿ.

"ತಿಪ್ಪವ್ವ ಬದುಕ್ಯಾಳ. ಯಮನಪ್ಪ ಬದುಕ್ಯಾನ. ತಂಡದವರೆಲ್ಲಾ ಬದುಕ್ಯಾರ. ತಿಪ್ಪವ್ವ ಗಂಡನ ಕಪಾಳಕ್ಕ ಹೊಡದಾಳ."

ಫಕೀರವ್ವ ಪೂರ್ತಿ ಮುಗಿಸುವವರೆಗೆ ಕಾದೆ. ಎದ್ದು ಹಿಂದಿನ ಗೋಡೆಗೆ, ದನಿ ಕಳೆದುಕೊಂಡು ಕೂತಿದ್ದ ಸಕ್ರವ್ವನ ಗೋಡೆಗೆ ಬಾಯಿ ಇಟ್ಟೆ. ಒಲೆಯ ಮುಂದೆ ತಿಪ್ಪವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ತಿಪ್ಪವ್ವ ಬದುಕ್ಯಾಳ," ಅಂದೆ ಗೋಡೆಗೆ. ಅಲ್ಲಿಗೇ ನಿಲ್ಲಿಸಿದೆ. ಆ ಕಡೆಯಿಂದ, ಗೋಡೆಯ ಮೇಲೆ ಬೆರಳಿನಿಂದ ಮೆಲ್ಲಗೆ ಎರಡು ಸಲ ತಟ್ಟಿದ ಸದ್ದು ಬಂತು. ಕೇಳಿತು ಅಂತ.

"ಇನ್ನೊಮ್ಮೆ ಹೇಳ್ರಿ," ಅಂದಳು ತಿಪ್ಪವ್ವ.

ಹೇಳಿದೆ.